ವಿಚ್ಛೇದನದ ನಂತರದ ಜೀವನಾಂಶ

ದಾಂಪತ್ಯ ಮುರಿದಾಗ ಅಥವಾ ಮುರಿಯುವ ಹಂತದಲ್ಲಿದ್ದಾಗ, ತನ್ನ ಖರ್ಚು ತಾನು ನೋಡಿಕೊಳ್ಳಲಾಗದ ಸಂಗಾತಿಗೂ ಮಕ್ಕಳಿಗೂ ಇನ್ನೊಬ್ಬರು ಕಾನೂನಿನ ಪ್ರಕಾರ ಕೊಡಬೇಕಾದ ಹಣವೇ ಜೀವನಾಂಶ. ಭಾರತದಲ್ಲಿ ಅದನ್ನು ತಿಂಗಳು ತಿಂಗಳು ಕೊಡುವುದುಂಟು, ಇಡಿಗಂಟಾಗಿ ಕೊಟ್ಟು ಮುಗಿಸುವುದೂ ಉಂಟು. ಎಷ್ಟು ಕೊಟ್ಟರೆ ನ್ಯಾಯ ಎಂಬುದಕ್ಕೆ ಯಾವ ಶಾಸನದಲ್ಲೂ ಲೆಕ್ಕದ ಸೂತ್ರವಿಲ್ಲ. ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಲಾಗಿದೆ. ಹೀಗಾಗಿ ಜೀವನಾಂಶದ ನ್ಯಾಯಾನ್ಯಾಯ ಕಾನೂನಿನ ಮಾತುಗಳಿಗಿಂತ ಹೆಚ್ಚಾಗಿ, ಆದಾಯವನ್ನು ಯಾರು ಎಷ್ಟು ತೋರಿಸುತ್ತಾರೆ, ಎಷ್ಟು ಮುಚ್ಚಿಡುತ್ತಾರೆ ಎಂಬುದರ ಮೇಲೆ ನಿಂತಿದೆ.

ಕಾನೂನಿನ ನೆಲೆ

ಎಲ್ಲ ಧರ್ಮದವರಿಗೂ ಅನ್ವಯಿಸುವ ಕಾನೂನು ಇರುವುದು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ. 1898ರ ಸಂಹಿತೆಯಲ್ಲಿ 488ನೇ ಕಲಂ ಆಗಿದ್ದದ್ದು 1973ರ ಸಂಹಿತೆಯಲ್ಲಿ 125ನೇ ಕಲಂ ಆಯಿತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ವಿಚ್ಛೇದಿತೆ ಮರುಮದುವೆಯಾಗುವವರೆಗೂ ‘ಹೆಂಡತಿ’ ಎಂಬ ವ್ಯಾಖ್ಯೆಗೆ ಸೇರುತ್ತಾಳೆ ಎಂಬ ಮಾತು ಬಂದದ್ದು 1973ರ ಸಂಹಿತೆಯಲ್ಲೇ. ಆದರೆ ಅದೇ ಸಂಹಿತೆ ತಿಂಗಳಿಗೆ 500 ರೂಪಾಯಿಯ ಮಿತಿಯನ್ನೂ ಹಾಕಿತ್ತು. ಬೆಲೆಗಳು ಎಷ್ಟೇ ಏರಿದರೂ ಸಂಸತ್ತು ಆ ಮಿತಿಯನ್ನು ಕಿತ್ತುಹಾಕಿದ್ದು 2001ರಲ್ಲಿ. ಅಲ್ಲಿಯವರೆಗೆ, ಗಂಡ ಲಕ್ಷಾಧಿಪತಿಯಾಗಿದ್ದರೂ ಮ್ಯಾಜಿಸ್ಟ್ರೇಟರು ಅದಕ್ಕಿಂತ ಹೆಚ್ಚು ಕೊಡಿಸುವಂತಿರಲಿಲ್ಲ.

ಇದರ ಜೊತೆಗೆ ವೈಯಕ್ತಿಕ ಕಾನೂನುಗಳಿವೆ. 1955ರ ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಕಲಂಗಳಡಿ ಗಂಡನೂ ಜೀವನಾಂಶ ಕೇಳಬಹುದು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆ ಹಕ್ಕು ಹೆಂಡತಿಗೆ ಮಾತ್ರ. ಒಂದೇ ದೇಶದಲ್ಲಿ ಮದುವೆ ಯಾವ ಕಾಯ್ದೆಯಡಿ ನೋಂದಣಿಯಾಯಿತು ಎಂಬುದರ ಮೇಲೆ ಗಂಡನ ಹಕ್ಕು ಬದಲಾಗುವುದು ವಿಚಿತ್ರವೇ ಸರಿ.

ಮುಸ್ಲಿಂ ವಿಚ್ಛೇದಿತೆಯರ ಹಕ್ಕಿನ ಚರಿತ್ರೆ ಹೆಚ್ಚು ಏರಿಳಿತಗಳದು. ಇಂದೋರಿನ ಶಾಬಾನೋ ಅವರಿಗೆ ಮ್ಯಾಜಿಸ್ಟ್ರೇಟರು ತಿಂಗಳಿಗೆ 25 ರೂಪಾಯಿ ಗೊತ್ತುಮಾಡಿದ್ದರು. ಮಧ್ಯಪ್ರದೇಶ ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ವಕೀಲರಾಗಿದ್ದ ಗಂಡ ಅಷ್ಟು ಹಣಕ್ಕಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1985ರಲ್ಲಿ ಸೋತರು. ಮರುವರ್ಷವೇ ಸಂಸತ್ತು ಬೇರೆ ಕಾಯ್ದೆ ತಂದು, ಗಂಡನ ಹೊಣೆಯನ್ನು ಇದ್ದತ್ ಅವಧಿಗೆ, ಅಂದರೆ ವಿಚ್ಛೇದಿತೆ ಮರುಮದುವೆಗೆ ಮುನ್ನ ಕಾಯಬೇಕಾದ ಅವಧಿಗೆ, ಸೀಮಿತಗೊಳಿಸಿದಂತೆ ತೋರಿತು. 2001ರಲ್ಲಿ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿದರೂ ಅದಕ್ಕೆ ಬೇರೆಯೇ ಅರ್ಥ ಹೇಳಿತು: ಹಣ ಕೊಡಬೇಕಾದದ್ದು ಇದ್ದತ್ ಅವಧಿಯೊಳಗೆ, ಆದರೆ ಅದು ಆಕೆಯ ಮುಂದಿನ ಬದುಕಿಗೂ ಸಾಲುವಂತಿರಬೇಕು. 2024ರ ಜುಲೈ 10ರಂದು, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, 125ನೇ ಕಲಂ ಮುಸ್ಲಿಂ ವಿಚ್ಛೇದಿತೆಯರಿಗೂ ತೆರೆದಿದೆ ಎಂದು ಸ್ಪಷ್ಟಪಡಿಸಿತು.

ಮೊತ್ತ ಗೊತ್ತುಮಾಡುವುದು

ಗಂಡನ ನಿವ್ವಳ ಸಂಬಳದ ಕಾಲುಭಾಗ ಎಂಬ ಮಾತು ಕೋರ್ಟಿನ ಆವರಣದಲ್ಲಿ ಆಗಾಗ ಕೇಳಿಬರುತ್ತದೆ. 2017ರ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿ ಶೇ 25 ಸೂಕ್ತ ಎಂದಿರುವುದು ನಿಜ. ಅದು ಒಂದು ಅಳತೆಗೋಲೇ ಹೊರತು ಕಟ್ಟಳೆಯಲ್ಲ. ದಂಪತಿ ಬದುಕಿದ್ದ ಮಟ್ಟ, ಇಬ್ಬರ ವಯಸ್ಸು, ಆರೋಗ್ಯ, ವಿದ್ಯೆ, ಗಂಡನ ಸಾಲ, ಅವನನ್ನೇ ನಂಬಿರುವ ಅಪ್ಪ ಅಮ್ಮ, ಮನೆಗಾಗಿ ಹೆಂಡತಿ ಬಿಟ್ಟುಕೊಟ್ಟ ನೌಕರಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಸುಪ್ರೀಂ ಕೋರ್ಟಿನ 2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪು ಈ ಗೊಂದಲಕ್ಕೆ ಒಂದು ಶಿಸ್ತು ತಂದಿತು. ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚುಗಳನ್ನು ನಮೂದಿಸಿದ ಅಫಿಡವಿಟ್ ಸಲ್ಲಿಸಬೇಕು; ಮಧ್ಯಂತರ ಅರ್ಜಿ ನಾಲ್ಕರಿಂದ ಆರು ತಿಂಗಳಲ್ಲಿ ಇತ್ಯರ್ಥವಾಗಬೇಕು; ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು; ಬೇರೆ ಬೇರೆ ಕಾಯ್ದೆಗಳಡಿ ಹಲವು ಅರ್ಜಿಗಳಿದ್ದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಪರಿಗಣಿಸಬೇಕು. ಒಂದೇ ಹೊಟ್ಟೆಗೆ ಮೂರು ಕೋರ್ಟಿನಲ್ಲಿ ಹಣ ಕಟ್ಟಬೇಕೇ ಎಂಬ ಗಂಡಂದಿರ ದೂರಿಗೆ ಈ ಕೊನೆಯ ಸೂಚನೆ ಉತ್ತರ.

ಆ ತೀರ್ಪು ಕೃಷಿಕರಿಗೆಂದೇ ಬೇರೆ ನಮೂನೆ ಕೊಟ್ಟಿದೆ. ಅದು ಬೇಕೇ ಬೇಕಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ನೌಕರನ ಸಂಬಳ ಚೀಟಿ ಮತ್ತು ಫಾರ್ಮ್ 16 ಮುಂದಿಟ್ಟರೆ ಅರ್ಧ ವಾದ ಮುಗಿದಂತೆ. ಅಡಿಕೆ ತೋಟದವನ ವಿಷಯ ಹಾಗಲ್ಲ. ಪಹಣಿ ಅಪ್ಪನ ಹೆಸರಿನಲ್ಲಿರುತ್ತದೆ, ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದ್ದರಿಂದ ರಿಟರ್ನ್ಸ್‌ನಿಂದಲೂ ಹೆಚ್ಚೇನೂ ಸಿಗದು, ಮಗ ‘ನಾನು ತೋಟದಲ್ಲಿ ಕೂಲಿ ಮಾಡುವವ’ ಎಂದು ಪಾಟಿ ಸವಾಲಿನಲ್ಲಿ ಹೇಳಬಲ್ಲ. ಇಂಥಲ್ಲಿ ದಾಖಲೆ ಮುಚ್ಚಿಟ್ಟವನ ವಿರುದ್ಧ ಪ್ರತಿಕೂಲ ನಿರ್ಣಯಕ್ಕೆ ಬರಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಅಷ್ಟಾದರೂ ಸಂಬಳದಾರನಿಗೆ ಬೀಳುವ ಹೊರೆ ವ್ಯಾಪಾರಿಗೂ ಗುತ್ತಿಗೆದಾರನಿಗೂ ಅದೇ ಖಚಿತತೆಯಿಂದ ಬೀಳುವುದಿಲ್ಲ. ಈ ಕಾನೂನಿನ ದೊಡ್ಡ ಅಸಮಾನತೆ ಇದೇ.

ಕರ್ನಾಟಕ ಹೈಕೋರ್ಟಿನ ಮೂರು ಪ್ರಸಂಗಗಳು

2023ರಲ್ಲಿ, ಕೆಲಸ ಹೋಗಿದೆ ಎಂದು ಹೆಂಡತಿಯಿಂದ ತಿಂಗಳಿಗೆ ಎರಡು ಲಕ್ಷ ರೂಪಾಯಿ ಕೇಳಿದ ಗಂಡನ ಮನವಿಯನ್ನು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ತಿರಸ್ಕರಿಸಿದರು. ದುಡಿಯಲು ಶಕ್ತನಾದವನಿಗೆ ಜೀವನಾಂಶ ಕೊಡಿಸಿದರೆ ಸೋಮಾರಿತನವನ್ನು ಬೆಳೆಸಿದಂತೆ ಎಂಬುದು ಅವರ ನಿಲುವು. ಮರುವರ್ಷ ಅವರೇ ಇನ್ನೊಂದು ಪ್ರಕರಣದಲ್ಲಿ 18,000 ರೂಪಾಯಿಯನ್ನು 36,000ಕ್ಕೆ ಏರಿಸಿದರು. ಹೆಂಡತಿ ಓದಿದವಳು, ಹಿಂದೆ ಶಿಕ್ಷಕಿಯಾಗಿದ್ದವಳು, ಈಗ ಸುಮ್ಮನೆ ಕುಳಿತಿದ್ದಾಳೆ ಎಂಬುದು ಗಂಡನ ವಾದ. ಮಕ್ಕಳನ್ನು ನೋಡಿಕೊಳ್ಳುವುದು ಹಗಲಿರುಳಿನ ದುಡಿಮೆ ಎಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ದುಡಿಯುವ ಸಾಮರ್ಥ್ಯ ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ, ಕರ್ನಾಟಕದಿಂದ ಹೋದ ಮೇಲ್ಮನವಿಯಲ್ಲೇ ಹೇಳಿತ್ತು.

ಮೂರನೆಯದು ಜಾಲತಾಣಗಳಲ್ಲೆಲ್ಲ ಓಡಾಡಿತು. 2024ರ ಆಗಸ್ಟ್‌ನಲ್ಲಿ ತಿಂಗಳಿಗೆ 6,16,300 ರೂಪಾಯಿ ಬೇಕೆಂಬ ಪಟ್ಟಿ ನ್ಯಾಯಮೂರ್ತಿ ಲಲಿತಾ ಕನ್ನೆಗಂಟಿ ಅವರ ಮುಂದೆ ಬಂತು. ಅಷ್ಟು ಖರ್ಚು ಮಾಡುವುದಿದ್ದರೆ ಆಕೆಯೇ ಸಂಪಾದಿಸಲಿ ಎಂದು ಅವರು ವಕೀಲರಿಗೆ ಹೇಳಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಗಂಡನ ಸಿರಿವಂತಿಕೆಗೆ ಸರಿಸಮ ಮಾಡಿಕೊಡುವುದು ಜೀವನಾಂಶದ ಉದ್ದೇಶವಲ್ಲ ಎಂದು ಹೇಳಿ, ಒಂದು ಪ್ರಕರಣದಲ್ಲಿ 12 ಕೋಟಿ ರೂಪಾಯಿಗೆ ಇತ್ಯರ್ಥ ಮಾಡಿತು. ಇಂಥ ಮೊತ್ತಗಳು ಸುದ್ದಿಯಾಗುತ್ತವೆ. ಕೆಲವು ಸಾವಿರ ರೂಪಾಯಿಗಾಗಿ ವಾಯಿದೆಯಿಂದ ವಾಯಿದೆಗೆ ಬಸ್ಸು ಹತ್ತುವವರು ಸುದ್ದಿಯಾಗುವುದಿಲ್ಲ.

ಮಕ್ಕಳ ಪಾಲು

ಮಕ್ಕಳ ಪೋಷಣೆ ತಂದೆಯೊಬ್ಬನ ಹೊಣೆಯಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್, ಇಬ್ಬರೂ ನೌಕರಿಯಲ್ಲಿದ್ದ ಒಂದು ಪ್ರಕರಣದಲ್ಲಿ ವೆಚ್ಚವನ್ನು ತಂದೆ ಎರಡು ಪಾಲು, ತಾಯಿ ಒಂದು ಪಾಲು ಎಂದು ಹಂಚಿತು. ಅನೌರಸ ಮಕ್ಕಳಿಗೂ ಹಕ್ಕು ಇದೆ. ಮಕ್ಕಳ ಮಟ್ಟಿಗೆ 144ನೇ ಕಲಂ ಮುಖ್ಯವಾಗಿ ಅಪ್ರಾಪ್ತರಿಗೆ ಅನ್ವಯಿಸುತ್ತದೆ. ಸ್ವಂತ ಆದಾಯವಿಲ್ಲದ ಹಿಂದೂ ಮಗಳು ಮದುವೆಯಾಗುವವರೆಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಕೇಳಬಹುದು.

ಬ್ರಿಟನ್ನಿನಲ್ಲಿ ಮಕ್ಕಳ ಪಾಲಿಗೆ ಲೆಕ್ಕವೇ ಇದೆ. ಸಾಮಾನ್ಯ ದರದಲ್ಲಿ ವಾರಕ್ಕೆ 800 ಪೌಂಡ್‌ವರೆಗಿನ ಒಟ್ಟು ಆದಾಯದಲ್ಲಿ ಒಂದು ಮಗುವಿಗೆ ಶೇ 12, ಎರಡಕ್ಕೆ 16, ಮೂರು ಅಥವಾ ಹೆಚ್ಚಿಗೆ 19. ಜರ್ಮನಿಯ ನ್ಯಾಯಾಲಯಗಳು 1962ರಿಂದ ಡ್ಯೂಸೆಲ್‌ಡಾರ್ಫ್ ಪಟ್ಟಿ ನೋಡಿ ಮೊತ್ತ ಹೇಳುತ್ತವೆ. ಸಂಗಾತಿಯ ಜೀವನಾಂಶಕ್ಕೆ ಇಂಥ ಪಟ್ಟಿ ಹೊಂದದಿರಬಹುದು, ಒಂದು ಮದುವೆಯಂತೆ ಇನ್ನೊಂದಿಲ್ಲ. ಮಕ್ಕಳ ವಿಷಯದಲ್ಲಿ ಭಾರತಕ್ಕೂ ಅಂಥದೊಂದು ಬೇಕು. ಶಾಲೆಯ ಶುಲ್ಕ ತಂದೆ ತಾಯಿಯ ಜಗಳ ಮುಗಿಯುವವರೆಗೆ ಕಾಯುವುದಿಲ್ಲ.

ವಸೂಲಿ

ಆದೇಶ ಸಿಕ್ಕರೂ ಹಣ ಕೈಗೆ ಬರುವುದು ಇನ್ನೊಂದೇ ಹೋರಾಟ. ಬಾಕಿ ಉಳಿಸಿಕೊಂಡವನ ಮೇಲೆ ವಾರಂಟ್ ಹೊರಡಿಸಬಹುದು, ಆಮೇಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ಸಾಲ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಈ ವಾರಂಟಿಗೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಸಂದರ್ಭ ಬದಲಾದರೆ, ಅಂದರೆ ಕೆಲಸ ಹೋದರೆ, ಸಂಬಳ ಏರಿದರೆ ಅಥವಾ ಮರುಮದುವೆಯಾದರೆ, ಆದೇಶವನ್ನು ತಿದ್ದಿಸಲು ಎರಡೂ ಕಡೆಯವರಿಗೆ ಅವಕಾಶವಿದೆ. ಮಹಿಳೆಯರು ಮತ್ತು ಮಕ್ಕಳು ತಮ್ಮ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಉಚಿತ ವಕೀಲರ ನೆರವಿಗೆ ಅರ್ಹರು. ಅರ್ಜಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡಬೇಕು.