ಕೊಕ್ಕರೆ ರೋಗವೋ, ಹಕ್ಕಿಜ್ವರವೋ

ಹಳ್ಳಿಯಲ್ಲಿ ಕೋಳಿಗಳು ಸಾಲಾಗಿ ಸಾಯತೊಡಗಿದರೆ ‘ಕೊಕ್ಕರೆ ರೋಗ ಬಂತು’ ಎನ್ನುವುದು ನಮ್ಮವರ ವಾಡಿಕೆ. ಕತ್ತು ತಿರುಚಿಕೊಂಡು, ಹಸಿರಾಗಿ ಭೇದಿ ಮಾಡಿಕೊಂಡು, ಬೆಳಗಾಗುವುದರೊಳಗೆ ಗೂಡನ್ನೇ ಬರಿದು ಮಾಡುವ ಈ ಬೇನೆಯನ್ನು ಪಶುವೈದ್ಯರು ರಾಣಿಖೇತ್ ರೋಗವೆನ್ನುತ್ತಾರೆ. 1927ರಲ್ಲಿ ಹಿಮಾಲಯದ ರಾಣಿಖೇತ್ ಊರಿನಲ್ಲಿ ಕಾಣಿಸಿಕೊಂಡದ್ದರಿಂದ ಆ ಹೆಸರು. ಇದಕ್ಕೆ ಲಸಿಕೆಯುಂಟು, ಮನುಷ್ಯನಿಗೆ ಇದರಿಂದ ಹೆಚ್ಚಿನ ಭಯವೂ ಇಲ್ಲ. ತೊಡಕಿರುವುದು ಬೇರೆಡೆ. ಹೆಚ್ಚುಕಡಮೆ ಇದೇ ಲಕ್ಷಣಗಳನ್ನು ತೋರುವ ಇನ್ನೊಂದು ರೋಗವಿದೆ. ಬರಿಗಣ್ಣಿನಿಂದ ಎರಡನ್ನೂ ಬೇರ್ಪಡಿಸುವುದು ನುರಿತ ವೈದ್ಯರಿಗೂ ಕಷ್ಟ. ಅದೇ ಹಕ್ಕಿಜ್ವರ.

ದಾವಣಗೆರೆ ಸೀಮೆಗೆ ಇದು ದೂರದ ಸುದ್ದಿಯಾಗಿ ಉಳಿಯಲಿಲ್ಲ. 2020ರ ಮಾರ್ಚಿಯಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಕೋಳಿಗಳು ಸತ್ತು, ಕಾರಣ ಹಕ್ಕಿಜ್ವರವೆಂದು ಖಚಿತವಾಯಿತು. ಊರಂಚಿನ ಹಳ್ಳಿಯಾಗಿದ್ದು ಈಗ ದಾವಣಗೆರೆ ನಗರದೊಳಗೇ ಸೇರಿಹೋಗಿರುವ ಆವರಗೆರೆಯಂಥ ಕಡೆ, ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿಕೊಂಡವರಿಗೆ ಇದು ನೆರೆಮನೆಯ ಬೆಂಕಿಯೇ ಸರಿ.

ರೋಗ ಹೊಸದಲ್ಲ. 1878ರಲ್ಲಿ ಇಟಲಿಯ ಪೆರೊಂಚಿತೊ ಎಂಬ ವಿದ್ವಾಂಸನು ‘ಕೋಳಿಗಳ ಪ್ಲೇಗು’ ಎಂದು ಇದನ್ನು ವರ್ಣಿಸಿದನು. ಸೂಕ್ಷ್ಮ ಸೋಸುಕಗಳಲ್ಲಿಯೂ ಸಿಕ್ಕಿಬೀಳದ ಯಾವುದೋ ವಿಷಾಣು ಇದಕ್ಕೆ ಕಾರಣವೆಂದು 1901ರಲ್ಲಿ ತಿಳಿಯಿತು. 1918ರಲ್ಲಿ ಇನ್‌ಫ್ಲುಯೆಂಜ ಬಂದು ಮೈಸೂರು ಸಂಸ್ಥಾನವೂ ಸೇರಿದಂತೆ ಲೋಕವನ್ನೆಲ್ಲ ನಡುಗಿಸಿತು. ಕೋಳಿಯ ಪ್ಲೇಗಿಗೂ ಮನುಷ್ಯನ ಆ ಜ್ವರಕ್ಕೂ ನಂಟಿರಬಹುದೆಂದು ಆಗ ಯಾರಿಗೆ ಹೊಳೆದೀತು? 1955ರಲ್ಲಿ ಜರ್ಮನಿಯ ಶೇಫರ್ ಎಂಬವರು ಎರಡೂ ಒಂದೇ ಕುಲದ ವಿಷಾಣುಗಳೆಂದು ತೋರಿಸಿಕೊಟ್ಟರು. ಪೆರೊಂಚಿತೊನಿಂದ ಅಲ್ಲಿಗೆ ಎಪ್ಪತ್ತೇಳು ವರ್ಷ!

ಅಷ್ಟಾದರೂ ಇದು ಪಶುವೈದ್ಯರ ಪುಸ್ತಕದ ಸಂಗತಿಯಾಗಿಯೇ ಇತ್ತು. 1997ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನಲ್ಲಿ ಮೂರು ವರ್ಷದ ಮಗುವೊಂದು ಜ್ವರದಿಂದ ಸತ್ತಿತು. ಅದನ್ನು ಕೊಂದದ್ದು ಎಚ್5ಎನ್1 ಎಂಬ ಹಕ್ಕಿಗಳ ವಿಷಾಣುವೆಂದು ಗೊತ್ತಾದದ್ದು ಆಗಸ್ಟಿನಲ್ಲಿ. ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದದ್ದೂ ಅದೇ ತಿಂಗಳು. ಆ ವರ್ಷ ಅಲ್ಲಿ 18 ಮಂದಿಗೆ ರೋಗ ತಗುಲಿ 6 ಮಂದಿ ತೀರಿಕೊಂಡರು. ಊರಿನ ಕೋಳಿಗಳನ್ನೆಲ್ಲ, ಹತ್ತು ಲಕ್ಷಕ್ಕೂ ಮೀರಿ, ಕೊಲ್ಲಬೇಕಾಯಿತು.

ಭಾರತಕ್ಕೆ ಅದು 2006ರಲ್ಲಿ ಮಹಾರಾಷ್ಟ್ರದ ನವಾಪುರದ ಮೂಲಕ ಕಾಲಿಟ್ಟಿತು. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ, ಕೋಳಿಸಾಕಣೆಯನ್ನು ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿಯೇ, ಟರ್ಕಿ ಕೋಳಿಗಳನ್ನು ಕೊಂದಿತು. ಪಾಠ ಹೇಳುವ ಮಠಕ್ಕೇ ಬಂದ ಮೇಲೆ ಹಳ್ಳಿಯ ಗೂಡಿಗೆ ಬರುವುದೇನು ದೊಡ್ಡದು?

ಬನ್ನಿಕೋಡಿಗೆ ಬಂದ ಹೊತ್ತಾದರೂ ಎಂಥದು! ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಬುಡವಿಲ್ಲದ ಮಾತು ಹಬ್ಬಿ, ಕೋಳಿಯ ಬೆಲೆ ಆಗಲೇ ನೆಲಕಚ್ಚಿತ್ತು. ಗೋಕಾಕದ ಕಡೆ ರೈತರೊಬ್ಬರು ಕೋಳಿಗಳನ್ನು ಜೀವಸಹಿತ ಗುಂಡಿಗೆ ಸುರಿದು ಮುಚ್ಚಿದ್ದರು. ಅಂಥ ದಿನಗಳಲ್ಲಿ ಒಂದು ನಿಜವಾದ ರೋಗವೇ ಬಂದಿತು. ಮೈಸೂರಿನ ಕುಂಬಾರಕೊಪ್ಪಲಿನಲ್ಲಿಯೂ ಅದೇ ವಾರ ಕಾಣಿಸಿತು. ಸುಳ್ಳು ಸುದ್ದಿಗೆ ಬೆದರಿದ ಜನರಿಗೆ ನಿಜವನ್ನು ನಂಬಿಸುವುದು ಎಷ್ಟು ಕಷ್ಟವಾಗಿರಬೇಡ. ಮಾರ್ಚಿ 25ಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಕೋಳಿಯ ಮಾತು ಮರೆತೇಹೋಯಿತು.

ರೋಗ ಕಂಡ ತಾಣದ ಸುತ್ತ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನು ಕೊಂದು ಹೂಳುವುದು, ಹತ್ತು ಕಿಲೋಮೀಟರಿನವರೆಗೆ ಕಣ್ಣಿಟ್ಟಿರುವುದು ಈ ರೋಗದ ವಿಚಾರದಲ್ಲಿ ಸರ್ಕಾರದ ಕ್ರಮ. ಪರಿಹಾರವನ್ನು ಕೇಂದ್ರವೂ ರಾಜ್ಯವೂ ಅರ್ಧರ್ಧ ಭರಿಸುತ್ತವೆ. ನನ್ನ ಮಟ್ಟಿಗೆ ಇಡೀ ಏರ್ಪಾಡಿನ ಆಯಕಟ್ಟಿನ ಜಾಗ ಈ ಪರಿಹಾರವೇ. ಹಿತ್ತಿಲ ಕೋಳಿಯೆಂದರೆ ಮನೆಯ ಹೆಂಗಸಿನ ಕೈಗಾಸು. ಮಗುವಿನ ಪಾಟಿ, ಸಂತೆಯ ಬಳೆ ಎಲ್ಲವೂ ಆ ಮೊಟ್ಟೆಯಿಂದಲೇ. ಸತ್ತ ಒಂದು ಕೋಳಿಯ ಸುದ್ದಿ ಕೊಟ್ಟರೆ ಬದುಕಿರುವ ಹತ್ತೂ ಹೋಗುತ್ತವೆಂದಾಗ ಆಕೆ ‘ಕೊಕ್ಕರೆ ರೋಗ’ ಎಂದು ಸುಮ್ಮನಾದರೆ, ಇಲ್ಲವೆ ಉಳಿದವನ್ನು ಆತುರಾತುರವಾಗಿ ಸಂತೆಗೆ ಸಾಗಿಸಿದರೆ, ತಪ್ಪು ಆಕೆಯದೊಂದೇ ಎನ್ನಲಾದೀತೆ?

ಬೇಯಿಸಿದ ಮಾಂಸದಿಂದ, ಮೊಟ್ಟೆಯಿಂದ ಅಪಾಯವಿಲ್ಲ; 70 ಡಿಗ್ರಿ ಸೆಲ್ಸಿಯಸ್ ಶಾಖ ಒಳಗಿನವರೆಗೂ ತಗುಲಿದರೆ ವಿಷಾಣು ಉಳಿಯದು. ಅಪಾಯವಿರುವುದು ಕಾಯಿಲೆಯ ಹಕ್ಕಿಯನ್ನು ಮುಟ್ಟುವ, ಕೊಯ್ಯುವ, ಪುಕ್ಕ ತರಿಯುವ ಕೈಗಳಿಗೆ. ಮನುಷ್ಯರಿಗೆ ತಗುಲುವುದು ಅಪರೂಪ, ತಗುಲಿದರೆ ಮಾತ್ರ ಘೋರ: 2003ರಿಂದೀಚೆಗೆ ಲೋಕದಲ್ಲಿ 900ಕ್ಕೂ ಮೇಲ್ಪಟ್ಟ ಜನರಿಗೆ ಎಚ್5ಎನ್1 ತಗುಲಿ, ಸುಮಾರು ಅರ್ಧದಷ್ಟು ಮಂದಿ ಸತ್ತಿದ್ದಾರೆ. ಮನುಷ್ಯನಿಂದ ಮನುಷ್ಯನಿಗೆ ಸರಾಗವಾಗಿ ದಾಟುವ ವಿದ್ಯೆಯನ್ನು ಅದು ಇನ್ನೂ ಕಲಿತಿಲ್ಲ. ಭಾರತದಲ್ಲಿ ಮೊದಲ ಸಾವು 2021ರಲ್ಲಿ, ದೆಹಲಿಯ ಆಸ್ಪತ್ರೆಯಲ್ಲಿ; ಸತ್ತವನು ಹರಿಯಾಣದ ಒಬ್ಬ ಹುಡುಗ. 2025ರಲ್ಲಿ ನೆರೆಯ ಆಂಧ್ರದಲ್ಲಿ ಎರಡು ವರ್ಷದ ಮಗು.

ಅದೇ 2025ರಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿಯೂ ಚಿಕ್ಕಬಳ್ಳಾಪುರದ ಬಳಿಯ ವರದಹಳ್ಳಿಯಲ್ಲಿಯೂ ಹಕ್ಕಿಜ್ವರ ಮತ್ತೆ ಕಾಣಿಸಿತು. ಸತ್ತ ಹಕ್ಕಿಗಳ ಮಾದರಿಗಳು ಬನ್ನಿಕೋಡಿನಿಂದ ಹೋದಂತೆಯೇ ಭೋಪಾಲದ ಪ್ರಯೋಗಶಾಲೆಗೆ ಹೋದವು.