ಓದಿಗೊಂದು ಗುರಿ

'ಈ ವರ್ಷ ಐವತ್ತು ಪುಸ್ತಕ ಓದುತ್ತೇನೆ' ಎಂದು ವರ್ಷಾರಂಭದಲ್ಲಿ ಸಂಕಲ್ಪ ಮಾಡುವ ರೂಢಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕಾಣುತ್ತಿದೆ. ಗುಡ್‌ರೀಡ್ಸ್ ಎಂಬ ಜಾಲತಾಣದಲ್ಲಿ ಇಂತಹ ವಾರ್ಷಿಕ ಲೆಕ್ಕ ಇಡುವ ಏರ್ಪಾಡು ೨೦೧೧ರಲ್ಲಿ ಆರಂಭವಾಯಿತಂತೆ. ಇದರಿಂದ ಪ್ರಯೋಜನವುಂಟೇ ಎಂದು ನಿಮ್ಮಲ್ಲೊಬ್ಬರು ಕೇಳಿದ್ದೀರಿ. ಉತ್ತರಿಸಲು ಕೊಂಚ ಹಿಂದಕ್ಕೆ ಹೋಗಬೇಕು.

ಓದಿಗೆ ಅವಧಿ ಗೊತ್ತುಮಾಡುವುದು ನಮಗೆ ಹೊಸತಲ್ಲ. ಭಾಗವತವನ್ನು ಏಳು ದಿನಗಳಲ್ಲಿ ಮುಗಿಸುವ ಸಪ್ತಾಹವಿದೆ. ಶ್ರಾವಣದಲ್ಲಿ ಊರ ಗುಡಿಯಲ್ಲೋ ಜಗಲಿಯಲ್ಲೋ ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಓದಿಸಿ, ಮುಗಿದ ದಿನ ಮಂಗಳ ಹಾಡಿ ಪ್ರಸಾದ ಹಂಚುತ್ತಿದ್ದರು. ಆ ಗುರಿ ಊರಿನದು. ಒಬ್ಬರು ಓದಿದರೆ ಮತ್ತೊಬ್ಬರು ಅರ್ಥ ಹೇಳುತ್ತಿದ್ದರು. ಅಕ್ಷರ ಬಾರದವರೂ ಸಂದೇಹ ಕೇಳುತ್ತಿದ್ದರು.

ಒಬ್ಬೊಬ್ಬರೇ ಗುರಿಯಿಟ್ಟು ಓದುವವರಿಗೆ ದಾರಿ ಮಾಡಿಕೊಟ್ಟವರಲ್ಲಿ, ೧೯೧೫ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತನ್ನು ನೆನೆಯಲೇಬೇಕು. ಅದು ಮುಂದೆ ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ಏರ್ಪಡಿಸಿತು. (ಎಂತಹ ಚೆಲುವಾದ ಹೆಸರುಗಳು!) ಕಾಲೇಜಿನ ಮೆಟ್ಟಿಲು ಹತ್ತದವರೂ ಗೊತ್ತಾದ ಪಠ್ಯಗಳನ್ನು ಮನೆಯಲ್ಲೇ ಓದಿ ಪರೀಕ್ಷೆಗೆ ಕೂರಬಹುದಾಗಿತ್ತು.

ಇದರ ಬೆಲೆ ತಿಳಿಯಬೇಕಾದರೆ ಅಂದಿನ ಹೊರವಲಯದ ಬೆಂಗಳೂರನ್ನು ನೆನೆಯಬೇಕು. ದೂರವಾಣಿನಗರದ ಐ.ಟಿ.ಐ. ೧೯೪೮ರದು, ಜಾಲಹಳ್ಳಿಯ ಕಡೆ ಎಚ್.ಎಂ.ಟಿ. ೧೯೫೩ರದು, ಬಿ.ಇ.ಎಲ್. ೧೯೫೪ರದು. ಆಮೇಲೆ ಪೀಣ್ಯದಲ್ಲಿ ಸಣ್ಣಪುಟ್ಟ ಕಾರ್ಖಾನೆಗಳ ಸಾಲೇ ಎದ್ದಿತು. ಹೈಸ್ಕೂಲಿಗೇ ಓದು ನಿಂತ ಎಷ್ಟೋ ಹಳ್ಳಿಯ ಹುಡುಗರು ಅಲ್ಲಿ ಪಾಳಿಯ ಕೆಲಸಕ್ಕೆ ಸೇರಿದರು.

ಅಂಥವರಲ್ಲಿ ಪೀಣ್ಯದಲ್ಲಿ ಲೇತ್ ನಡೆಸುತ್ತಿದ್ದ ನನ್ನ ಶಿಷ್ಯನೊಬ್ಬ ೧೯೮೦ರ ದಶಕದಲ್ಲಿ 'ಜಾಣ' ಪರೀಕ್ಷೆಗೆ ಕಟ್ಟಿದ. ರಾತ್ರಿಪಾಳಿ ಮುಗಿಸಿ, ನಿದ್ದೆ ತೆಗೆದು, ಮಧ್ಯಾಹ್ನ ಎರಡು ಗಂಟೆ ಓದು. ಹಳಗನ್ನಡದ ಪದ್ಯ ಬಿಡಿಸಲಾಗದಿದ್ದರೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಭಾನುವಾರ ಬಸ್ಸು ಹಿಡಿದು ನನ್ನಲ್ಲಿಗೆ ಬರುತ್ತಿದ್ದ. ಮೊದಲ ಸಲ ತೇರ್ಗಡೆಯಾಗಲಿಲ್ಲ. ಮರುವರ್ಷ ಮತ್ತೆ ಕಟ್ಟಿ ಗೆದ್ದ. ಅದರಿಂದ ಬಡ್ತಿ ಬರಲಿಲ್ಲ, ಸಂಬಳವೂ ಏರಲಿಲ್ಲ. ಆದರೆ ಕಾರ್ಖಾನೆಯ ರಾಜ್ಯೋತ್ಸವದಲ್ಲಿ ಮಾತನಾಡಲು ಅವನನ್ನೇ ಎಬ್ಬಿಸತೊಡಗಿದರು. 'ಓದು ಬಿಟ್ಟವನು' ಎಂಬ ಮಾತನ್ನು ಅವನ ತಂದೆ ಅಲ್ಲಿಂದ ಮುಂದೆ ಆಡಲಿಲ್ಲ.

ಅವನು ಓದಿದ್ದು ಬೆರಳೆಣಿಕೆಯ ಪುಸ್ತಕಗಳನ್ನು. ಪ್ರತಿಯೊಂದಕ್ಕೂ ಉತ್ತರ ಕೊಡಬೇಕಿತ್ತು, ಅಷ್ಟೆ. ಐವತ್ತರ ಲೆಕ್ಕದಲ್ಲಿ ಈ ಹೊಣೆ ಇಲ್ಲ. ಅಲ್ಲಿ 'ಮಲೆಗಳಲ್ಲಿ ಮದುಮಗಳು' ಕೂಡ ಒಂದೇ, ನೂರು ಪುಟದ ಪುಸ್ತಕವೂ ಒಂದೇ. ದಪ್ಪ ಪುಸ್ತಕ ತಾನಾಗಿಯೇ ಹಿಂದೆ ಸರಿಯುತ್ತದೆ. ಹಾಗೆಂದು ಲೆಕ್ಕವನ್ನು ಹಳಿಯಲಾರೆ. ಮೆಟ್ರೋದಲ್ಲಿ ನಿಂತೇ ಪ್ರಯಾಣ ಮಾಡುವವರ ಕೈಗೆ ಅದು ಪುಸ್ತಕ ಕೊಟ್ಟರೆ ಅಷ್ಟೂ ಲಾಭವೇ.

ನಿಮ್ಮ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ಒಂದಾದರೂ ದೊಡ್ಡ ಕನ್ನಡ ಪುಸ್ತಕ ಸೇರಿಸಿ. ಮುಗಿಸಿದ ಮೇಲೆ ಪ್ರಶ್ನೆ ಕೇಳುವವರು ಬೇಕಾದರೆ ನಾನಿದ್ದೇನೆ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ.