ಬಚ್ಚಲುಮನೆಯ ಗೋಡೆಯಲ್ಲೊಂದು ತೂತು

ಬಸವನಗುಡಿಯ ನಮ್ಮ ಹಳೇ ಮನೆ ರಿಪೇರಿ ಶುರುವಾಗಿ ಮೂರನೇ ದಿನ. ಬಚ್ಚಲುಮನೆಯ ಗೋಡೆಯ ಮೇಲ್ಭಾಗದಲ್ಲಿ, ಸೂರಿಗೆ ಹತ್ತಿರವಾಗಿ, ಒಂದು ಅಡಿ ಚೌಕದ ತೂತಿದೆ. ಸುತ್ತ ಮಸಿ. ಎಷ್ಟು ಸಲ ಸುಣ್ಣ ಹೊಡೆಸಿದ್ರೂ ಆ ಕಪ್ಪು ಮತ್ತೆ ಇಣುಕುತ್ತೆ. ಮೇಸ್ತ್ರಿ ಅದನ್ನ ನೋಡಿ, "ಸಾರ್, ಇದನ್ನ ಮುಚ್ಚಿಬಿಡೋಣ. ಇಲಿ, ಪಾರಿವಾಳ ಎಲ್ಲಾ ಬರುತ್ತೆ. ಮೇಲಿನವರೆಗೂ ಟೈಲ್ಸ್ ಹಾಕಿದ್ರೆ ಲುಕ್ಕೇ ಬೇರೆ. ಒಂದು ಗ್ಯಾಸ್ ಗೀಸರ್ ಹಾಕಿಸ್ಕೊಳ್ಳಿ, ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು" ಅಂದರು. ನಾನೂ ತಲೆಯಾಡಿಸಿದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ಮಾತ್ರ, "ಅದನ್ನ ಮುಚ್ಚಬೇಡ ಕಣೋ. ನಿಮ್ಮ ತಾತ ಬೇಕು ಅಂತಲೇ ಬಿಡಿಸಿದ್ದು" ಅಂದರು.

ತಾತ ಹೋಗಿ ಇಪ್ಪತ್ತು ವರ್ಷವಾಯ್ತು. ಕೇಳೋಣ ಅಂದ್ರೆ ಅವರಿಲ್ಲ. ಹಾಗಾಗಿ ಕೆಲಸ ಎರಡು ದಿನ ನಿಲ್ಲಿಸಿ, ಆ ತೂತಿನ ಇತಿಹಾಸದ ಹಿಂದೆ ಬಿದ್ದೆ. ಬಿಸಿನೀರಿನ ಕಥೆ ಓದೋಕೆ ಹೋದವನಿಗೆ ಸಿಕ್ಕಿದ್ದು ಗಾಳಿಯ ಕಥೆ.

ಅದು ಶುರುವಾಗೋದು ನಮ್ಮ ಬಡಾವಣೆಯಿಂದಲೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಕಿಕ್ಕಿರಿದ ಓಣಿಗಳಲ್ಲಿ ಜನ ಸಾಯತೊಡಗಿದರು. ಆ ಹೊಡೆತದ ನಂತರ ಊರಿನ ಹೊರಗೆ ಬೆಳೆದ ಬಡಾವಣೆಗಳೇ ಬಸವನಗುಡಿ ಮತ್ತು ಮಲ್ಲೇಶ್ವರ. ಅಗಲವಾದ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಹಿಂದುಗಡೆ ಕನ್ಸರ್ವೆನ್ಸಿ ಗಲ್ಲಿ. ಕೆಟ್ಟ ಗಾಳಿಯಿಂದ ರೋಗ ಬರುತ್ತೆ ಅನ್ನೋ ನಂಬಿಕೆ ಆಗಿನ್ನೂ ಹೋಗಿರಲಿಲ್ಲ. ತಮಾಷೆ ಅಂದ್ರೆ, ಅದೇ 1898ರಲ್ಲಿ ಪಾಲ್ ಲೂಯಿ ಸಿಮಾಂಡ್ ಅನ್ನೋ ಫ್ರೆಂಚ್ ವೈದ್ಯ ಕರಾಚಿಯಲ್ಲಿ, ಪ್ಲೇಗ್ ಹರಡೋದು ಇಲಿಯ ಮೈಮೇಲಿನ ಚಿಗಟದಿಂದ ಅಂತ ಪ್ರಯೋಗ ಮಾಡಿ ತೋರಿಸಿದ್ದ. ಅಂದ್ರೆ ಗಾಳಿಯ ಬಗ್ಗೆ ಅವರು ಕೊಟ್ಟ ಕಾರಣ ತಪ್ಪಾಗಿತ್ತು. ಆದರೆ ಆ ತಪ್ಪು ಕಾರಣದಿಂದ ನಮಗೆ ಉಸಿರಾಡೋ ಮನೆಗಳು ಸಿಕ್ಕವು. ಕಿಟಕಿಯ ಮೇಲೆ ಹಗ್ಗ ಎಳೆದು ತೆರೆಯೋ ವೆಂಟಿಲೇಟರ್, ಎತ್ತರದ ಸೂರು, ಎದುರುಬದುರು ಕಿಟಕಿ. ತಾತ 1950ರ ದಶಕದಲ್ಲಿ ಮನೆ ಕಟ್ಟಿಸುವಾಗಲೂ ಇದೇ ಪದ್ಧತಿ ಇತ್ತು.

ಇನ್ನು ಬಚ್ಚಲುಮನೆಗೆ ಬರೋಣ. ಅಲ್ಲಿ ಮೂಲೆಯಲ್ಲಿದ್ದದ್ದು ಹಂಡೆ ಒಲೆ. ಗಾರೆಯಲ್ಲಿ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಸೌದೆ, ತೆಂಗಿನ ಗರಿ, ಕರಟ, ಸಿಕ್ಕಿದ್ದೆಲ್ಲಾ ಉರಿ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ತಿಕ್ಕಿ ಬೆಳಗಿ, ಅರಿಶಿನ ಕುಂಕುಮ ಇಟ್ಟು ನೀರು ತುಂಬೋದು ಇವತ್ತಿಗೂ ಎಷ್ಟೋ ಮನೆಗಳಲ್ಲಿದೆ. ಅದನ್ನ ನೀರು ತುಂಬೋ ಹಬ್ಬ ಅಂತಲೇ ಕರೀತಾರೆ. ಫೋಟೋ ಹಾಕೋಕೆ ಚೆನ್ನಾಗಿರುತ್ತೆ. ಆದರೆ ಅಮ್ಮನ ನೆನಪಿನಲ್ಲಿ ಹಂಡೆ ಅಂದ್ರೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಸಿ ಸೌದೆ ಊದುತ್ತಾ ಕೆಮ್ಮುತ್ತಿದ್ದ ಅಜ್ಜಿ. ಹೊಗೆ ಹೊರಗೆ ಹೋಗೋಕೆ ಬಿಟ್ಟ ದಾರಿಯೇ ಆ ತೂತು. ಅದು ಪೂರ್ತಿ ಕೆಲಸ ಮಾಡ್ತಿರಲಿಲ್ಲ, ಆದರೆ ಅದೂ ಇಲ್ಲದಿದ್ರೆ ಕಥೆ ಬೇರೆ ಆಗ್ತಿತ್ತು.

ಈ ಹೊಗೆಯನ್ನ ಗಂಭೀರವಾಗಿ ತಗೊಂಡವರಲ್ಲಿ ನಮ್ಮೂರಿನವರೇ ಇದ್ರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 'ಅಸ್ತ್ರ' ಅನ್ನೋ ವಿಭಾಗ ಶುರು ಮಾಡಿದರು. ತುಮಕೂರು ಜಿಲ್ಲೆಯ ಉಂಗ್ರ ಮತ್ತು ಸುತ್ತಲ ಹಳ್ಳಿಗಳಲ್ಲಿ ಕೂತು, ಯಾವ ಕೆಲಸಕ್ಕೆ ಎಷ್ಟು ಸೌದೆ ಹೋಗುತ್ತೆ ಅಂತ ಲೆಕ್ಕ ಹಾಕಿದರು. ಆ ಕೆಲಸದಿಂದಲೇ ಮುಂದೆ ಚಿಮಣಿ ಇರೋ ಅಸ್ತ್ರ ಒಲೆ ಬಂತು. ಕಡಿಮೆ ಸೌದೆ, ಹೊಗೆ ಹೊರಗೆ. ಉರಿ ಉಳಿಸೋದು, ಗಾಳಿ ಶುದ್ಧವಾಗಿಡೋದು ಒಂದೇ ಕೆಲಸದ ಎರಡು ಭಾಗ ಅಂತ ಅವರು ಹಿಡಿದಿದ್ರು. ಪೇಟೆಯಲ್ಲಿ ಮನೆ ರಿಪೇರಿ ಮಾಡಿಸೋ ನಾವು ಬಿಟ್ಟಿರೋದು ಇದನ್ನೇ.

ಯಾಕಂದ್ರೆ ನಮಗೆ ಕರೆಂಟು ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಸ್ನಾನದ ನೀರಿಗೆ ಕರೆಂಟು ಬಳಸೋ ಧೈರ್ಯ ಮಧ್ಯಮ ವರ್ಗಕ್ಕೆ ಬರೋಕೆ ಇನ್ನೂ ಎಷ್ಟೋ ದಶಕ ಬೇಕಾಯ್ತು. ಬಂದಾಗ ಹಂಡೆ ಹಿತ್ತಲು ಸೇರಿತು, ಗೋಡೆ ಮೇಲೆ ಗೀಸರ್ ಬಂತು. ಹೊಗೆ ಇಲ್ಲ, ಹಾಗಾದ್ರೆ ತೂತು ಯಾಕೆ? ಒಂದೊಂದು ಮನೆಯಲ್ಲೂ ಒಂದೊಂದಾಗಿ ಮುಚ್ಚುತ್ತಾ ಬಂದ್ವಿ.

ಗೀಸರ್ ಅನ್ನೋ ಹೆಸರಿನ ಕಥೆ ಕೇಳಿ. ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯ ಹೆಸರದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಗ್ಯಾಸಿನಿಂದ ತಕ್ಷಣ ನೀರು ಕಾಯಿಸೋ ಯಂತ್ರ ಮಾಡಿ ಅದಕ್ಕೆ ಗೀಸರ್ ಅಂತ ಹೆಸರಿಟ್ಟ. ಅದಕ್ಕೆ ಹೊಗೆ ಕೊಳವೆಯೇ ಇರಲಿಲ್ಲ. ಉರಿದ ಗ್ಯಾಸೆಲ್ಲಾ ಸ್ನಾನದ ಕೋಣೆಯಲ್ಲೇ ಉಳೀತಿತ್ತು. ನೂರೈವತ್ತು ವರ್ಷ ಹಳೆಯ ಆ ತಪ್ಪನ್ನ ಬೆಂಗಳೂರಿನ ನಾವು ಇವತ್ತೂ ಮಾಡ್ತಾ ಇದ್ದೀವಿ. ಗಟ್ಟಿಯಾಗಿ ಮುಚ್ಚಿದ ಸಣ್ಣ ಬಾತ್‌ರೂಮು, ಒಳಗೇ ಗ್ಯಾಸ್ ಗೀಸರ್. ಗಾಳಿ ಸಾಲದೆ ಗ್ಯಾಸ್ ಅರ್ಧಂಬರ್ಧ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ತಲೆ ಸುತ್ತಿದ್ದು ಗೊತ್ತಾಗೋ ಹೊತ್ತಿಗೆ ಚಿಲಕ ತೆಗೆಯೋ ಶಕ್ತಿಯೂ ಇರೋದಿಲ್ಲ. "ಬಾತ್‌ರೂಮಿನಲ್ಲಿ ಕುಸಿದು ಸಾವು" ಅನ್ನೋ ಸುದ್ದಿ ನೀವೂ ಪೇಪರಿನಲ್ಲಿ ಓದಿರ್ತೀರಿ. ಅಜ್ಜಿಯನ್ನ ಕೆಮ್ಮಿಸಿದ ಹೊಗೆ, ಕನಿಷ್ಠ "ನಾನಿದ್ದೀನಿ, ಬಾಗಿಲು ತೆಗಿ" ಅಂತ ಹೇಳ್ತಿತ್ತು. ಇದು ಹೇಳೋದಿಲ್ಲ.

ಇದನ್ನ ಓದಿದ ರಾತ್ರಿಯೇ ಗ್ಯಾಸ್ ಗೀಸರ್ ಪಟ್ಟಿಯಿಂದ ಹೋಯ್ತು. ಹಾಕಲೇಬೇಕು ಅನ್ನೋರಿಗೆ ಒಂದೇ ಮಾತು: ಬಾತ್‌ರೂಮಿನ ಹೊರಗೆ, ಗಾಳಿಯಾಡೋ ತೆರೆದ ಜಾಗದಲ್ಲಿ ಹಾಕಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅಂತ ಒಳಗೆ ಹಾಕಬೇಡಿ. ಹೊರಗಿನ ಗಾಳಿ ಒಳಗೆ ಬರೋ ದಾರಿ ಇಲ್ಲದಿದ್ರೆ ಫ್ಯಾನಿಗೂ ಎಳೆಯೋಕೆ ಏನೂ ಇರೋದಿಲ್ಲ.

ಮುಂದಿನ ಆಯ್ಕೆ ಸೋಲಾರ್. ಇದೂ ಹಳೇ ವಿದ್ಯೆಯೇ. 1891ರಲ್ಲಿ ಅಮೆರಿಕದ ಕ್ಲಾರೆನ್ಸ್ ಕೆಂಪ್ ಕಪ್ಪು ತೊಟ್ಟಿಗಳನ್ನ ಗಾಜಿನ ಪೆಟ್ಟಿಗೆಯೊಳಗಿಟ್ಟು 'ಕ್ಲೈಮ್ಯಾಕ್ಸ್' ಅನ್ನೋ ಹೆಸರಲ್ಲಿ ಪೇಟೆಂಟ್ ಪಡೆದ. ರಾತ್ರಿ ನೀರು ತಣ್ಣಗಾಗ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಬಿಸಿಲು ಹಿಡಿಯೋ ಭಾಗವನ್ನೂ ನೀರಿನ ಟ್ಯಾಂಕನ್ನೂ ಬೇರೆ ಮಾಡಿ, ಟ್ಯಾಂಕಿಗೆ ಬೆಚ್ಚನೆ ಹೊದಿಕೆ ಹಾಕಿದ. ಹಗಲು ಕಾಯ್ದ ನೀರು ಬೆಳಿಗ್ಗೆವರೆಗೂ ಬಿಸಿ. ಬೆಂಗಳೂರಿನ ತಾರಸಿಗಳ ಮೇಲೆ ಕಾಣೋದು ಇವತ್ತಿಗೂ ಇದೇ ಉಪಾಯ. ಕರ್ನಾಟಕ ಸರ್ಕಾರ 2007ರಲ್ಲಿ ಹೊಸ ಕಟ್ಟಡಗಳಿಗೆ ಇದನ್ನ ಕಡ್ಡಾಯ ಮಾಡಿತು. ಸೋಲಾರ್ ಇದ್ದವರಿಗೆ ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿಯೂ ಬಂತು.

ನಿಮ್ಮ ತಾರಸಿಗೆ ಬಿಸಿಲು ಬೀಳುತ್ತೆ ಅಂದ್ರೆ ಯೋಚನೆಯೇ ಬೇಡ, ಸೋಲಾರ್ ಹಾಕಿಸಿ. ನಮ್ಮದಕ್ಕೆ ಬೀಳಲ್ಲ. ದಕ್ಷಿಣಕ್ಕಿದ್ದ ಹೆಂಚಿನ ಮನೆ ಹೋಗಿ ನಾಲ್ಕು ಅಂತಸ್ತು ಎದ್ದಿದೆ. ಡಿಸೆಂಬರಿನಲ್ಲಿ, ಬಿಸಿನೀರು ಜಾಸ್ತಿ ಬೇಕಾದ ತಿಂಗಳಲ್ಲೇ, ತಾರಸಿ ಮಧ್ಯಾಹ್ನದವರೆಗೂ ನೆರಳಲ್ಲಿರುತ್ತೆ. ಮೇಲಾಗಿ ನಮ್ಮದು ಬೋರ್‌ವೆಲ್ ನೀರು. ಗಡಸು ನೀರು ಕೊಳವೆಗಳಲ್ಲಿ ಬಿಳಿ ಪದರ ಕಟ್ಟುತ್ತೆ.

ಉಳಿದಿದ್ದು ಹೀಟ್ ಪಂಪ್. ಹೆಸರು ಹೊಸದು ಅನ್ನಿಸಿದರೂ ವಿಚಾರ 1852ರದು. ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್, ಹೊರಗಿನ ಗಾಳಿಯ ಶಾಖವನ್ನೇ ಎತ್ತಿ ಮನೆ ಬೆಚ್ಚಗಿಡಬಹುದು ಅಂತ ಬರೆದ. ಫ್ರಿಜ್ಜನ್ನ ತಿರುಗಿಸಿ ಇಟ್ಟ ಹಾಗೆ ಅನ್ಕೊಳ್ಳಿ. ಲೆಕ್ಕ ಸುಲಭ. ನಾಲ್ಕು ಜನರ ಮನೆಗೆ ಬೆಳಿಗ್ಗೆ 100 ಲೀಟರ್ ನೀರು 20 ಡಿಗ್ರಿಯಿಂದ 42 ಡಿಗ್ರಿಗೆ ಏರಬೇಕು ಅಂದ್ರೆ ಸುಮಾರು 2.5 ಯೂನಿಟ್ ಶಾಖ ಬೇಕು. ಮಾಮೂಲಿ ಗೀಸರ್ ಅಷ್ಟನ್ನೂ ಕರೆಂಟಿನಿಂದಲೇ ತಗೊಳ್ಳುತ್ತೆ. ಹೀಟ್ ಪಂಪ್ ಮೂರರಲ್ಲಿ ಎರಡು ಪಾಲನ್ನ ಗಾಳಿಯಿಂದ ಎಳೆದು, ಒಂದು ಯೂನಿಟ್ಟಿನ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತೆ. ಯುರೋಪಿನ ಹಿಮದಲ್ಲೇ ನಡೆಯೋ ಯಂತ್ರಕ್ಕೆ ಬೆಂಗಳೂರಿನ ಗಾಳಿ ಹಬ್ಬದ ಊಟ. ಕೊಳ್ಳುವಾಗ ಗೀಸರ್‌ಗಿಂತ ಹಲವು ಪಟ್ಟು ದುಬಾರಿ, ಸ್ವಲ್ಪ ಸದ್ದು ಮಾಡುತ್ತೆ, ಸುತ್ತ ಗಾಳಿ ಬೇಕು. ಇಬ್ಬರೇ ಇರೋ ಮನೆಗೆ ಒಳ್ಳೇ ಸ್ಟಾರ್ ಇರೋ ಸಣ್ಣ ಗೀಸರ್ ಸಾಕು. ನಮ್ಮ ಮನೆಯಲ್ಲಿ ಆರು ಜನ. ಹಿತ್ತಲಲ್ಲಿ, ಕನ್ಸರ್ವೆನ್ಸಿ ಗಲ್ಲಿಯ ಕಡೆ ಜಾಗ ಇತ್ತು. ಪ್ಲೇಗ್ ಕಾಲದ ಲೆಕ್ಕಾಚಾರ ಈಗ ಉಪಯೋಗಕ್ಕೆ ಬಂತು.

ಕೋಣೆ ಬೆಚ್ಚಗಿಡೋ ಹೀಟರ್? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕಂಟೋನ್ಮೆಂಟಿನ ಕೆಲವು ಬಂಗಲೆಗಳಲ್ಲಿ ಅಗ್ಗಿಷ್ಟಿಕೆ ಇತ್ತು ನಿಜ. ನಮಗೆ ಒಂದು ಕಂಬಳಿ ಸಾಕು.

ನಾಲ್ಕನೇ ದಿನ ಮೇಸ್ತ್ರಿ ಬಂದಾಗ ನಾನು ಕೊಟ್ಟ ಪಟ್ಟಿಯಲ್ಲಿ ಮೊದಲ ಸಾಲು ಗೀಸರ್ ಅಲ್ಲ, ತೂತು. ಅದಕ್ಕೆ ಇಲಿ ಬರದ ಹಾಗೆ ಜಾಲರಿ, ಒಳಗೊಂದು ಎಕ್ಸಾಸ್ಟ್ ಫ್ಯಾನ್, ಬಾಗಿಲ ಕೆಳಗೆ ಎರಡು ಬೆರಳು ಸಂದು. ಎರಡನೇ ಸಾಲು, ಬಣ್ಣ ಬಳಿದು ಕೂತುಹೋಗಿದ್ದ ವೆಂಟಿಲೇಟರುಗಳನ್ನ ಬಿಡಿಸಿ ಹೊಸ ಹಗ್ಗ ಕಟ್ಟೋದು. ಇವೆರಡಕ್ಕೆ ಆದ ಖರ್ಚು ಟೈಲ್ಸಿನ ಖರ್ಚಿನ ಮುಂದೆ ಏನೇನೂ ಅಲ್ಲ. ಬಿಸಿನೀರಿನ ಯಂತ್ರ ಮೂರನೇ ಸಾಲು. ಮಾರುವವರು ಯಂತ್ರದಿಂದ ಮಾತು ಶುರು ಮಾಡ್ತಾರೆ. ನೀವು ಗೋಡೆಯಿಂದ ಶುರು ಮಾಡಿ.

"ಲುಕ್ಕು ಹೋಯ್ತಲ್ಲ ಸಾರ್" ಅಂದರು ಮೇಸ್ತ್ರಿ. ಅಮ್ಮ ಏನೂ ಹೇಳಲಿಲ್ಲ. ಸ್ಟೂಲ್ ಮೇಲೆ ಹತ್ತಿ, ಒದ್ದೆ ಬಟ್ಟೆಯಲ್ಲಿ ತೂತಿನ ಸುತ್ತಲ ಮಸಿ ಒರೆಸೋಕೆ ಶುರು ಮಾಡಿದರು. ಅದು ಪೂರ್ತಿ ಹೋಗಲಿಲ್ಲ.